ಅರ್ಧ ರೆಕ್ಕೆಯಿಂದ ಏನು ಪ್ರಯೋಜನ?

ಈ ಭಾನುವಾರ ಮನೆಯಲ್ಲಿ ಕೋಳಿಸಾರು ಇದ್ದರೆ ಒಂದು ಕೆಲಸ ಮಾಡಿ. ಎದೆಭಾಗದ ಮೇಲ್ತುದಿಯಲ್ಲಿ, ಕುತ್ತಿಗೆ ಸೇರುವ ಜಾಗದಲ್ಲಿ, ಇಂಗ್ಲಿಷಿನ 'ವಿ' ಅಕ್ಷರದ ಹಾಗಿರೋ ತೆಳ್ಳನೆಯ ಮೂಳೆ ಸಿಗುತ್ತದಾ ಹುಡುಕಿ. ಅಂಗಡಿಯವರ ಕತ್ತಿಗೆ ಸಿಕ್ಕಿ ಚೂರಾಗದೆ ಉಳಿದಿದ್ದರೆ ನಿಮ್ಮ ಅದೃಷ್ಟ. ಎರಡು ಕಾಲರ್ ಬೋನ್‌ಗಳು ಬೆಸೆದುಕೊಂಡು ಆಗಿರೋ ಮೂಳೆ ಅದು. ಟಿರನೋಸಾರಸ್ ರೆಕ್ಸ್ ಅನ್ನೋ ದೈತ್ಯ ಡೈನೋಸಾರ್‌ನ ಎದೆಯಲ್ಲೂ ಇದೇ ಮೂಳೆ ಇತ್ತು.

ಸಸ್ಯಾಹಾರಿಗಳು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಬಾಲ್ಕನಿಗೆ ಬಂದು ಗಲೀಜು ಮಾಡೋ ಪಾರಿವಾಳದ ಕಾಲು ನೋಡಿದರೂ ಸಾಕು. ಮೇಲೆಲ್ಲ ನುಣ್ಣನೆಯ ಗರಿ, ಕೆಳಗೆ ಮಾತ್ರ ಹುರುಪೆ ಹುರುಪೆಯ ಕಾಲು.

ಹಕ್ಕಿಗಳು ಡೈನೋಸಾರ್‌ಗಳ ವಂಶದವು ಅನ್ನೋದು ಈಗ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಒಂದು ವಿಡಿಯೋದಲ್ಲೋ, ಮಗುವಿನ ಪುಸ್ತಕದಲ್ಲೋ ನೋಡಿರುತ್ತೀವಿ. ಆದರೆ ನೆಲದ ಮೇಲೆ ಓಡಾಡಿಕೊಂಡಿದ್ದ ಪ್ರಾಣಿ ಆಕಾಶಕ್ಕೆ ಹೋದದ್ದು ಹೇಗೆ? ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಈ ಪ್ರಶ್ನೆ. ಯಾಕಂದ್ರೆ ಡಾರ್ವಿನ್‌ನ ಕಾಲದಲ್ಲೇ ಇದರ ಮೇಲೆ ಒಂದು ಗಟ್ಟಿ ಆಕ್ಷೇಪ ಬಂದಿತ್ತು.

ಡಾರ್ವಿನ್‌ಗೆ ಬಿದ್ದ ಪ್ರಶ್ನೆ

1871ರಲ್ಲಿ ಸೇಂಟ್ ಜಾರ್ಜ್ ಮೈವರ್ಟ್ ಅನ್ನೋ ಇಂಗ್ಲಿಷ್ ಜೀವವಿಜ್ಞಾನಿ ಡಾರ್ವಿನ್‌ನ ವಾದವನ್ನು ಪ್ರಶ್ನಿಸಿ ಒಂದು ಪುಸ್ತಕ ಬರೆದ. ಅವನ ಆಕ್ಷೇಪದ ತಿರುಳನ್ನು ನಮ್ಮ ಮಾತಿನಲ್ಲಿ ಹೇಳೋದಾದರೆ ಇಷ್ಟು: ಒಂದು ಅಂಗ ಪೂರ್ತಿ ಬೆಳೆದ ಮೇಲೆ ಉಪಯೋಗಕ್ಕೆ ಬರುತ್ತದೆ, ಸರಿ. ಅದು ಇನ್ನೂ ಶುರುವಾಗ್ತಾ ಇರುವಾಗ ಏನು ಉಪಯೋಗ? ಅರ್ಧ ರೆಕ್ಕೆ ಇಟ್ಟುಕೊಂಡು ಪ್ರಾಣಿ ಏನು ಮಾಡಬೇಕು?

ನಮ್ಮ ವೃತ್ತಿಯವರಿಗೆ ಈ ಪ್ರಶ್ನೆಯ ತೂಕ ಬೇಗ ಅರ್ಥವಾಗುತ್ತದೆ. ನಾವು ಒಂದು ಫೀಚರ್ ಮಾಡುವಾಗ ಅದನ್ನು ಬೇರೆ ಕಡೆ ಇಟ್ಟುಕೊಂಡು, ಆರು ತಿಂಗಳು ಕುಯ್ದು, ಟೆಸ್ಟ್ ಮಾಡಿ, ಎಲ್ಲ ಸರಿ ಇದೆ ಅಂದ ಮೇಲೆ ಜನರ ಕೈಗೆ ಕೊಡುತ್ತೇವೆ. ಪ್ರಕೃತಿಗೆ ಆ ಸೌಕರ್ಯ ಇಲ್ಲ. ಅಲ್ಲಿ ಪ್ರತಿಯೊಂದು ವರ್ಷನ್ನೂ ನೇರವಾಗಿ ಪ್ರೊಡಕ್ಷನ್‌ಗೇ ಹೋಗಬೇಕು. ಪ್ರತಿ ತಲೆಮಾರೂ ತಿನ್ನಬೇಕು, ತಪ್ಪಿಸಿಕೊಳ್ಳಬೇಕು, ಮರಿ ಮಾಡಬೇಕು. 'ಇನ್ನು ಹತ್ತು ಲಕ್ಷ ವರ್ಷ ತಡೆಯಿರಿ, ರೆಕ್ಕೆ ರೆಡಿ ಆಗುತ್ತೆ' ಅಂತ ಹೇಳೋಕಾಗಲ್ಲ.

ಹಾಗಾಗಿ ಮೈವರ್ಟ್‌ನದು ಕುಚೋದ್ಯದ ಪ್ರಶ್ನೆಯಲ್ಲ. ಅದಕ್ಕೆ ತಕ್ಕ ಉತ್ತರ ಕಲ್ಲುಗಳಲ್ಲಿ ಸಿಗೋದಕ್ಕೆ ನೂರಿಪ್ಪತ್ತೈದು ವರ್ಷ ಹಿಡಿಯಿತು.

ಹಲ್ಲಿದ್ದ ಹಕ್ಕಿ

ಮೊದಲ ಸುಳಿವು ಮೈವರ್ಟ್‌ನ ಪುಸ್ತಕಕ್ಕೂ ಮುಂಚೆಯೇ ಸಿಕ್ಕಿತ್ತು. 1861ರಲ್ಲಿ ಜರ್ಮನಿಯ ಬವೇರಿಯಾದ ಜೋಲ್ನ್‌ಹೋಫೆನ್ ಸುತ್ತಲಿನ ಸುಣ್ಣಕಲ್ಲಿನ ಗಣಿಗಳಿಂದ ಆರ್ಕಿಯಾಪ್ಟೆರಿಕ್ಸ್ ಬೆಳಕಿಗೆ ಬಂತು. ಸುಮಾರು 15 ಕೋಟಿ ವರ್ಷ ಹಳೆಯದು, ಹೆಚ್ಚುಕಡಿಮೆ ಕಾಗೆಯ ಗಾತ್ರ. ರೆಕ್ಕೆಯಲ್ಲಿ ಇವತ್ತಿನ ಹಕ್ಕಿಗಿರುವಂಥದೇ ಗರಿಗಳು. ಆದರೆ ಬಾಯಲ್ಲಿ ಹಲ್ಲು, ರೆಕ್ಕೆಯ ತುದಿಯಲ್ಲಿ ಉಗುರಿರುವ ಬೆರಳು, ಹಿಂದೆ ಹಲ್ಲಿಯ ಹಾಗೆ ಉದ್ದದ ಮೂಳೆಬಾಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ 700 ಪೌಂಡ್ ಕೊಟ್ಟು ಖರೀದಿಸಿದ ಸಂಗ್ರಹದಲ್ಲಿ ಇದೂ ಸೇರಿತ್ತು. ಡಾರ್ವಿನ್‌ನ ಗೆಳೆಯ ಥಾಮಸ್ ಹಕ್ಸ್‌ಲಿ ಅಂತೂ ಹಕ್ಕಿಗೂ ಡೈನೋಸಾರ್‌ಗೂ ನೆಂಟಸ್ತಿಕೆ ಇದೆ ಅಂತ ಆಗಲೇ ವಾದಿಸಿದ.

ಆ ವಾದ ಆಮೇಲೆ ಮೂಲೆಗೆ ಬಿತ್ತು. ಕಾರಣ, ಮೊದಲೇ ಹೇಳಿದ ಆ 'ವಿ' ಮೂಳೆ. 1926ರಲ್ಲಿ ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮನ್ ಹಕ್ಕಿಗಳ ಮೂಲದ ಬಗ್ಗೆ ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕ ತಂದ. ಮಾಂಸಾಹಾರಿ ಡೈನೋಸಾರ್‌ಗಳು ಹಕ್ಕಿಗಳನ್ನು ತುಂಬಾ ಹೋಲುತ್ತವೆ ಅಂತ ಅವನೇ ಒಪ್ಪಿಕೊಂಡ. ಆದರೆ ಅವುಗಳಿಗೆ ಕಾಲರ್ ಬೋನ್ ಇಲ್ಲವಲ್ಲ, ಕಳೆದುಕೊಂಡ ಮೂಳೆ ವಿಕಾಸದಲ್ಲಿ ವಾಪಸ್ ಬರೋದಿಲ್ಲವಲ್ಲ, ಆದ್ದರಿಂದ ಅವು ಹಕ್ಕಿಗಳ ಪೂರ್ವಜರಾಗಿರೋಕೆ ಸಾಧ್ಯವಿಲ್ಲ ಅಂದ. ತರ್ಕ ಸರಿಯಾಗೇ ಇತ್ತು. ಡೇಟಾ ಸರಿ ಇರಲಿಲ್ಲ ಅಷ್ಟೇ. ತಮಾಷೆಯೆಂದರೆ, ಮಂಗೋಲಿಯಾದಲ್ಲಿ ಸಿಕ್ಕ ಓವಿರಾಪ್ಟರ್ ಅನ್ನೋ ಡೈನೋಸಾರ್ ಬಗ್ಗೆ 1924ರಲ್ಲೇ ಪ್ರಕಟವಾಗಿದ್ದ ವರದಿಯಲ್ಲಿ ಆ ಮೂಳೆಯ ಚಿತ್ರ ಇತ್ತು. ಅದನ್ನು ಬೇರೆ ಯಾವುದೋ ಮೂಳೆ ಅಂತ ಗುರುತಿಸಿಬಿಟ್ಟಿದ್ದರು.

ಅಲ್ಲಿಂದ ನಲವತ್ತು ವರ್ಷ ವಿಷಯ ತಣ್ಣಗಿತ್ತು. 1964ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಆಸ್ಟ್ರಮ್ ಅವರಿಗೆ ಮೊಂಟಾನಾದಲ್ಲಿ ಡೈನೋನಿಕಸ್ ಸಿಕ್ಕಿತು. ಚುರುಕಾದ ಬೇಟೆಗಾರ, ಎರಡು ಕಾಲಿನ ಓಟ, ಕಾಲಲ್ಲಿ ಕುಡುಗೋಲಿನಂಥ ಉಗುರು. ಅದರ ಮಣಿಕಟ್ಟಿನಲ್ಲಿ ಅರ್ಧಚಂದ್ರದ ಆಕಾರದ ಒಂದು ಮೂಳೆ ಇತ್ತು. ಅದರಿಂದ ಕೈಯನ್ನು ಪಕ್ಕಕ್ಕೆ ಮಡಚೋಕೆ ಆಗುತ್ತಿತ್ತು. ಹಕ್ಕಿ ರೆಕ್ಕೆ ಮಡಚೋದೂ ಹೀಗೇ. ಆರ್ಕಿಯಾಪ್ಟೆರಿಕ್ಸ್‌ನ ಕೈಯನ್ನು ಪಕ್ಕಕ್ಕಿಟ್ಟು ನೋಡಿದರೆ ಎರಡೂ ಒಂದೇ ಅಚ್ಚು.

1970ರಲ್ಲಿ ಇನ್ನೂ ಒಂದು ಸ್ವಾರಸ್ಯ ನಡೆಯಿತು. ನೆದರ್‌ಲೆಂಡ್ಸ್‌ನ ಹಾರ್ಲೆಮ್ ಊರಿನ ಮ್ಯೂಸಿಯಂನಲ್ಲಿ ಹಾರುವ ಸರೀಸೃಪದ್ದು ಅಂತ ಚೀಟಿ ಅಂಟಿಸಿಟ್ಟಿದ್ದ ಒಂದು ಕಲ್ಲನ್ನು ಆಸ್ಟ್ರಮ್ ಕೈಗೆತ್ತಿಕೊಂಡು ಬೆಳಕಿಗೆ ಓರೆಯಾಗಿ ಹಿಡಿದರು. ಮಸುಕಾಗಿ ಗರಿಯ ಗುರುತು ಕಾಣಿಸಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದದ್ದನ್ನು ಆರ್ಕಿಯಾಪ್ಟೆರಿಕ್ಸ್ ಅಂತ ಅವರು ಗುರುತಿಸಿದರು.

ಮೂಳೆಗಳ ಹೋಲಿಕೆ ಹೀಗೆ ಗಟ್ಟಿಯಾಯಿತು. ಆದರೂ ಅರ್ಧ ರೆಕ್ಕೆ ಎಲ್ಲಿ? ಗರಿ ಇರುವ ಡೈನೋಸಾರ್ ಎಲ್ಲಿ?

ಲಿಯಾವೊನಿಂಗ್‌ನ ಬೂದಿ

ಚೀನಾದ ಈಶಾನ್ಯದಲ್ಲಿ ಲಿಯಾವೊನಿಂಗ್ ಪ್ರಾಂತ್ಯ ಇದೆ. ಸುಮಾರು 12.5 ಕೋಟಿ ವರ್ಷಗಳ ಹಿಂದೆ ಅಲ್ಲಿ ಕೆರೆಗಳಿದ್ದವು, ಕಾಡಿತ್ತು, ಜ್ವಾಲಾಮುಖಿಗಳೂ ಇದ್ದವು. ಸತ್ತ ಪ್ರಾಣಿಗಳು ಕೆರೆಯ ತಳದ ನಯವಾದ ಕೆಸರಿನಲ್ಲಿ, ಬೂದಿಯಲ್ಲಿ ಹೂತುಹೋದವು. ಮೂಳೆ ಮಾತ್ರವಲ್ಲ, ಚರ್ಮ, ಕೂದಲು, ಗರಿಗಳ ಅಚ್ಚೂ ಕಲ್ಲಿನಲ್ಲಿ ಉಳಿದುಕೊಂಡಿತು.

1996ರಲ್ಲಿ ಅಲ್ಲಿಯ ರೈತರೊಬ್ಬರಿಗೆ ಒಂದು ಪಳೆಯುಳಿಕೆ ಸಿಕ್ಕಿತು. ಕಲ್ಲು ಸೀಳಿದಾಗ ಪುಸ್ತಕ ತೆರೆದ ಹಾಗೆ ಎರಡು ಹಲಗೆ, ಎರಡರಲ್ಲೂ ಅದೇ ಪ್ರಾಣಿಯ ಅಚ್ಚು. ಅವರು ಒಂದನ್ನು ಬೀಜಿಂಗ್‌ನ ಮ್ಯೂಸಿಯಂಗೂ ಇನ್ನೊಂದನ್ನು ನಾನ್‌ಜಿಂಗ್‌ನ ಸಂಸ್ಥೆಗೂ ಮಾರಿದರು! ಬಾಲವೂ ಸೇರಿ ಒಂದು ಮೀಟರ್‌ನಷ್ಟು ಉದ್ದದ ಪುಟ್ಟ ಡೈನೋಸಾರ್. ತಲೆಯಿಂದ ಬೆನ್ನ ಮೇಲೆ ಹಾದು ಬಾಲದ ತುದಿವರೆಗೂ ನವಿರಾದ ಎಳೆಗಳ ಅಂಚು. ಹೆಸರು ಸೈನೋಸಾರೋಪ್ಟೆರಿಕ್ಸ್. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಪಳೆಯುಳಿಕೆ ತಜ್ಞರ ಸಮಾವೇಶ ನಡೆದಾಗ ಇದರ ಫೋಟೋಗಳು ಕೈಯಿಂದ ಕೈಗೆ ದಾಟಿದವು. ಅಷ್ಟು ಹೊತ್ತಿಗೆ ಅರವತ್ತು ದಾಟಿದ್ದ ಆಸ್ಟ್ರಮ್ ಕೂಡ ಅಲ್ಲಿದ್ದರು. ಅವರು ನಂಬಿ ಕೂತಿದ್ದ ಮಾತಿಗೆ ಸಾಕ್ಷಿ ಅವರ ಕಣ್ಣೆದುರಿಗೇ ಬಂತು.

ಈಗ ಆ ಎಳೆಗಳನ್ನು ಗಮನಿಸಿ. ಅವು ರೆಕ್ಕೆಯ ಗರಿಗಳಲ್ಲ. ಕೋಳಿಮರಿಯ ಮೈಮೇಲಿನ ತುಪ್ಪುಳ ಇರುತ್ತಲ್ಲ, ಹೆಚ್ಚುಕಡಿಮೆ ಹಾಗೆ. ಈ ಪ್ರಾಣಿಯ ಕೈಯೂ ಮೋಟು. ಅದು ಹಾರೋ ಪ್ರಶ್ನೆಯೇ ಇಲ್ಲ. ಹಾಗಾದರೆ ತುಪ್ಪುಳ ಯಾಕೆ? ಚಳಿಗೆ. ನಾವು ಸ್ವೆಟರ್ ಹಾಕಿಕೊಳ್ಳೋ ಕಾರಣಕ್ಕೇ.

2012ರಲ್ಲಿ ಅದೇ ಚೀನಾದಿಂದ ಯುಟಿರಾನಸ್ ಬಂತು. ಒಂಬತ್ತು ಮೀಟರ್ ಉದ್ದ, ಒಂದು ಟನ್ನಿಗೂ ಮೀರಿದ ತೂಕ, ಮೈಮೇಲೆ ಉದ್ದುದ್ದ ತುಪ್ಪುಳ. ಇಷ್ಟು ದೊಡ್ಡ ಪ್ರಾಣಿ ಗರಿ ಬೆಳೆಸಿದ್ದು ಹಾರೋದಕ್ಕೆ ಅಂತ ಯಾರೂ ಹೇಳಲಾರರು.

ಗರಿ ಮಾಡಿದ ಬೇರೆ ಕೆಲಸಗಳು

ಚಳಿ ಒಂದೇ ಅಲ್ಲ. 2010ರಲ್ಲಿ ವಿಜ್ಞಾನಿಗಳು ಸೈನೋಸಾರೋಪ್ಟೆರಿಕ್ಸ್‌ನ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಣ್ಣದ ಕಣಗಳ ಪೊಟ್ಟಣಗಳು ಸಿಕ್ಕವು. ಇವತ್ತಿನ ಹಕ್ಕಿಗಳಲ್ಲಿ ಈ ಪೊಟ್ಟಣ ದುಂಡಗಿದ್ದರೆ ಕೆಂಗಂದು, ಉದ್ದವಾಗಿದ್ದರೆ ಕಪ್ಪು. ಅದೇ ಲೆಕ್ಕ ಹಿಡಿದರೆ ಆ ಡೈನೋಸಾರ್‌ನ ಬಾಲದಲ್ಲಿ ಕೆಂಗಂದು ಮತ್ತು ಬಿಳಿ ಪಟ್ಟೆಗಳಿದ್ದವು. ಪಟ್ಟೆ ಇರೋದು ಯಾರಾದರೂ ನೋಡಲಿ ಅಂತಲೋ, ಯಾರಿಗೂ ಕಾಣದಿರಲಿ ಅಂತಲೋ. ಎರಡೂ ಬದುಕಿಗೆ ಬೇಕಾದದ್ದೇ.

ಮೂರನೇ ಕೆಲಸ, ಕಾವು. ಹಿಂದೆ ಹೇಳಿದ ಓವಿರಾಪ್ಟರ್‌ನ ಹೆಸರಿನ ಅರ್ಥ 'ಮೊಟ್ಟೆ ಕಳ್ಳ'. ಮೊಟ್ಟೆಗಳ ಮೇಲೆ ಅದರ ಅಸ್ಥಿಪಂಜರ ಸಿಕ್ಕಿದ್ದರಿಂದ, ಬೇರೆ ಡೈನೋಸಾರ್‌ನ ಮೊಟ್ಟೆ ಕದಿಯೋಕೆ ಬಂದಿತ್ತು ಅಂತ ತಿಳಿದು ಹಾಗೆ ಕರೆದರು. 1993ರಲ್ಲಿ ಮಂಗೋಲಿಯಾದಲ್ಲೇ ಅಂಥದೇ ಮೊಟ್ಟೆಯೊಳಗೆ ಭ್ರೂಣ ಸಿಕ್ಕಿತು. ನೋಡಿದರೆ ಅದು ಓವಿರಾಪ್ಟರ್ ಕುಟುಂಬದ್ದೇ! ಅದೇ ಕುಟುಂಬದ ಇನ್ನೊಂದು ಪ್ರಾಣಿ ಗೂಡಿನ ನಡುವೆ ಕಾಲು ಮಡಚಿ ಕೂತು, ಎರಡೂ ಕೈಗಳನ್ನು ಮೊಟ್ಟೆಗಳ ಮೇಲೆ ಹರಡಿಕೊಂಡೇ ಸತ್ತುಹೋಗಿತ್ತು. ಕಾವಿಗೆ ಕೂತ ಹೇಂಟೆಯ ಭಂಗಿ. ಕೈಯಲ್ಲಿ ಉದ್ದನೆಯ ಗರಿ ಇದ್ದರೆ ಇನ್ನಷ್ಟು ಮೊಟ್ಟೆ ಮುಚ್ಚಬಹುದು. ಅದಕ್ಕೆ ಹಾರಬೇಕಿಲ್ಲ. ಪಾಪ, ಹೆಸರು ಮಾತ್ರ ಬದಲಾಗಲಿಲ್ಲ. ಮೊದಲು ಇಟ್ಟ ಹೆಸರೇ ಕಾಯಂ ಅನ್ನೋದು ಜೀವವಿಜ್ಞಾನದ ನಿಯಮ. ಹಳೇ ಕೋಡ್‌ನಲ್ಲಿ ಯಾರೋ ಕೊಟ್ಟ ತಪ್ಪು ವೇರಿಯಬಲ್ ಹೆಸರು ಹಾಗೇ ಉಳಿದುಬಿಡುತ್ತಲ್ಲ, ಹಾಗೆ.

ಅಂದರೆ ಮೈವರ್ಟ್‌ನ ಪ್ರಶ್ನೆಗೆ ಉತ್ತರ ಹೀಗಿದೆ: ಅದು ಅರ್ಧ ರೆಕ್ಕೆ ಆಗಿರಲೇ ಇಲ್ಲ. ಅದು ಪೂರ್ತಿ ಕಂಬಳಿ, ಪೂರ್ತಿ ಬಣ್ಣದ ಬಾವುಟ, ಪೂರ್ತಿ ಕಾವಿನ ಹೊದಿಕೆ. ಆಯಾ ಕಾಲಕ್ಕೆ ಆಯಾ ಕೆಲಸವನ್ನು ಚೆನ್ನಾಗೇ ಮಾಡುತ್ತಿತ್ತು. ಮುಂದೆ ರೆಕ್ಕೆ ಆಯಿತು ಅಂತ ಗೊತ್ತಿರುವ ನಾವು ಮಾತ್ರ ಅದನ್ನು ಅರ್ಧ ಅಂತ ಕರೆಯುತ್ತಿದ್ದೇವೆ.

ಹಾರಾಟ ಶುರುವಾದದ್ದು ಹೇಗೆ?

ಕಾಗೆಯದೋ ಪಾರಿವಾಳದ್ದೋ ರೆಕ್ಕೆಯ ಗರಿ ಬಿದ್ದಿದ್ದರೆ ನೋಡಿ. ನಡುವಿನ ದಂಟು ನಡುವಿನಲ್ಲಿ ಇರೋದಿಲ್ಲ. ಒಂದು ಪಕ್ಕ ಕಿರಿದು, ಇನ್ನೊಂದು ಪಕ್ಕ ಅಗಲ. ಕಿರಿದಾದ ಅಂಚು ಗಾಳಿ ಸೀಳುವ ಮುಂಭಾಗ. ಹೀಗಿದ್ದಾಗಲೇ ಗರಿ ಗಾಳಿಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ. 1998ರಲ್ಲಿ ವರದಿಯಾದ ಕಾಡಿಪ್ಟೆರಿಕ್ಸ್ ಅನ್ನೋ ಡೈನೋಸಾರ್‌ಗೆ ಕೈಯಲ್ಲೂ ಬಾಲದಲ್ಲೂ ಅಚ್ಚುಕಟ್ಟಾದ ಗರಿಗಳಿದ್ದವು, ಆದರೆ ದಂಟು ಸರಿಯಾಗಿ ನಡುವಿನಲ್ಲಿ. ಅಂದರೆ ಗರಿ ಬಂದಿದೆ, ಹಾರಾಟ ಇಲ್ಲ. ಆರ್ಕಿಯಾಪ್ಟೆರಿಕ್ಸ್‌ನಲ್ಲಿ ದಂಟು ಪಕ್ಕಕ್ಕೆ ಸರಿದಿದೆ.

ಈ ನಡುವಿನ ಹೆಜ್ಜೆ ಹೇಗಾಯಿತು ಅನ್ನೋದಕ್ಕೆ ಎರಡು ವಾದ. ಮರದ ಮೇಲಿಂದ ಕೆಳಕ್ಕೆ ತೇಲುತ್ತಾ ಹಾರಾಟ ಬಂತು ಅನ್ನೋದು ಒಂದು. ನೆಲದ ಮೇಲೆ ಓಡುತ್ತಾ ಬಂತು ಅನ್ನೋದು ಇನ್ನೊಂದು.

ತೇಲೋದಕ್ಕೆ ನಮ್ಮ ಪಶ್ಚಿಮ ಘಟ್ಟದಲ್ಲೇ ಉದಾಹರಣೆ ಇದೆ. ತೇಜಸ್ವಿಯವರ 'ಕರ್ವಾಲೊ'ದಲ್ಲಿ ಎಲ್ಲರೂ ಕಾಡಿನೊಳಗೆ ಹುಡುಕಿಕೊಂಡು ಹೋಗೋ ಹಾರುವ ಓತಿ ನಿಮಗೆ ನೆನಪಿರುತ್ತದೆ. ಅದು ಪಕ್ಕೆಲುಬುಗಳ ಮೇಲಿನ ಚರ್ಮ ಅಗಲಿಸಿ ಮರದಿಂದ ಮರಕ್ಕೆ ತೇಲುತ್ತದೆ. ರೆಕ್ಕೆ ಬಡಿಯೋದಿಲ್ಲ, ಆದರೂ ಅದರ ಜೀವನ ಸಾಗುತ್ತಿದೆ. ಲಿಯಾವೊನಿಂಗ್‌ನ ಮೈಕ್ರೋರಾಪ್ಟರ್ ಹೀಗೇ ತೇಲುತ್ತಿದ್ದಿರಬಹುದು. ಕೈಯಲ್ಲಿ ಎರಡು, ಕಾಲಲ್ಲಿ ಎರಡು, ಒಟ್ಟು ನಾಲ್ಕು ರೆಕ್ಕೆ. 2003ರಲ್ಲಿ ಚೀನಾದ ಶು ಶಿಂಗ್ ಮತ್ತು ಅವರ ಜೊತೆಗಾರರು ಅದನ್ನು ವರದಿ ಮಾಡಿದಾಗ ಎಲ್ಲರೂ ಬೆರಗಾದರು.

ಅದೇ 2003ರಲ್ಲಿ ಇನ್ನೊಂದು ವಾದಕ್ಕೂ ಬಲ ಬಂತು, ಅದೂ ಜೀವಂತ ಹಕ್ಕಿಯಿಂದ. ಮೊಂಟಾನಾ ವಿಶ್ವವಿದ್ಯಾಲಯದ ಕೆನ್ ಡಯಲ್ ಅವರು ಚುಕಾರ್ ಮರಿಗಳನ್ನು ಗಮನಿಸಿದರು. ಚುಕಾರ್ ನಮ್ಮ ಬಯಲುಸೀಮೆಯ ಗೌಜಲಹಕ್ಕಿಯ ನೆಂಟ. ಇನ್ನೂ ಹಾರಲು ಬಾರದ ಮರಿಗಳು ಕಡಿದಾದ ಇಳಿಜಾರನ್ನು ಹತ್ತುವಾಗ ಮೋಟು ರೆಕ್ಕೆಗಳನ್ನು ಪಟಪಟ ಬಡಿಯುತ್ತಿದ್ದವು. ಆ ಬಡಿತ ಮೈಯನ್ನು ಇಳಿಜಾರಿಗೆ ಒತ್ತಿ ಹಿಡಿದು, ಕಾಲು ಜಾರದಂತೆ ಮಾಡುತ್ತಿತ್ತು. ಗರಿ ಕತ್ತರಿಸಿದರೆ ಅಷ್ಟು ಕಡಿದಾದ ಜಾಗ ಹತ್ತಲು ಆಗುತ್ತಿರಲಿಲ್ಲ. ಅರ್ಧ ರೆಕ್ಕೆಯಿಂದ ಏನು ಪ್ರಯೋಜನ ಅಂದರೆ, ನರಿ ಬಂದಾಗ ಬಂಡೆ ಹತ್ತಬಹುದು!

ಯಾವ ವಾದ ಗೆದ್ದಿತು ಅಂತ ಕೇಳಿದರೆ, ಚರ್ಚೆ ಇನ್ನೂ ನಡೆದಿದೆ. ಪ್ರಯೋಗಗಳೂ ಒಂದೇ ದಾರಿಯಲ್ಲಿ ಸಾಗಿರಲಿಲ್ಲ. 2015ರಲ್ಲಿ ವರದಿಯಾದ 'ಯಿ ಚಿ' ಅನ್ನೋ ಪುಟ್ಟ ಡೈನೋಸಾರ್‌ಗೆ ಬಾವಲಿಯಂಥ ಚರ್ಮದ ರೆಕ್ಕೆ ಇತ್ತು. ಆ ಶಾಖೆ ಮುಂದುವರಿಯಲಿಲ್ಲ.

ಇಲ್ಲೊಂದು ಅನುಮಾನ ನಿಮಗೆ ಬಂದಿರಬಹುದು. ಆರ್ಕಿಯಾಪ್ಟೆರಿಕ್ಸ್ 15 ಕೋಟಿ ವರ್ಷದ್ದು, ಲಿಯಾವೊನಿಂಗ್‌ನ ಇವೆಲ್ಲ ಅದಕ್ಕಿಂತ ಈಚಿನವು. ಮೊಮ್ಮಗ ಅಜ್ಜನಿಗಿಂತ ಮೊದಲು ಹುಟ್ಟೋದುಂಟಾ? ಆದರೆ ಇವು ಅಜ್ಜಂದಿರಲ್ಲ, ದಾಯಾದಿಗಳು. ಮನೆತನದ ಒಂದು ಕವಲು ಬೆಂಗಳೂರು ಸೇರಿ ಮೂರು ತಲೆಮಾರಾದರೂ ಇನ್ನೊಂದು ಕವಲು ಊರಲ್ಲೇ ಹಳೇ ಕ್ರಮದಲ್ಲೇ ಇರುತ್ತಲ್ಲ, ಹಾಗೆ. ಸಾಲದ್ದಕ್ಕೆ 2009ರಲ್ಲಿ ಹೆಸರು ಪಡೆದ ಆಂಕಿಯಾರ್ನಿಸ್ ಅನ್ನೋ ಗರಿ ಇರುವ ಡೈನೋಸಾರ್ ಸುಮಾರು 16 ಕೋಟಿ ವರ್ಷದ್ದು. ಅದು ಆರ್ಕಿಯಾಪ್ಟೆರಿಕ್ಸ್‌ಗಿಂತಲೂ ಹಿರಿಯ.

ಅಂಟಿಸಿದ ಕಲ್ಲು

ಇಷ್ಟೆಲ್ಲ ಕೇಳಿದ ಮೇಲೆ 'ಇದನ್ನೆಲ್ಲ ನಂಬೋದು ಹೇಗೆ? ಕಲ್ಲನ್ನು ಯಾರಾದರೂ ಕೆತ್ತಿದ್ದರೆ?' ಅಂತ ಕೇಳೋರು ಇದ್ದಾರೆ. ಕೇಳಲೇಬೇಕು. ಯಾಕಂದ್ರೆ ಒಮ್ಮೆ ಹಾಗೇ ಆಗಿತ್ತು.

1999ರ ನವೆಂಬರ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 'ಆರ್ಕಿಯೋರಾಪ್ಟರ್' ಅನ್ನೋ ಪಳೆಯುಳಿಕೆಯ ಸುದ್ದಿ ಪ್ರಕಟಿಸಿತು. ಮುಂಭಾಗ ಹಕ್ಕಿ, ಬಾಲ ಡೈನೋಸಾರ್. ಎರಡರ ನಡುವಿನ ಕೊಂಡಿ ಸಿಕ್ಕೇಬಿಟ್ಟಿತು ಅಂತ ಸಂಭ್ರಮ. ಲಿಯಾವೊನಿಂಗ್‌ನಿಂದ ಹೊರಗೆ ಹೋಗಿದ್ದ ಆ ಕಲ್ಲನ್ನು ಅಮೆರಿಕದ ಟೂಸಾನ್‌ನ ಪ್ರದರ್ಶನವೊಂದರಲ್ಲಿ 80,000 ಡಾಲರ್‌ಗೆ ಕೊಂಡಿದ್ದರು. ಟೆಕ್ಸಾಸ್‌ನಲ್ಲಿ ಸಿಟಿ ಸ್ಕ್ಯಾನ್ ಮಾಡಿದ್ದ ತಿಮೋಥಿ ರೋ ಅವರಿಗೆ ತುಂಡುಗಳನ್ನು ಜೋಡಿಸಿದ್ದು ಕಂಡಿತ್ತು. ಒಟ್ಟು 88 ತುಂಡು. ಆದರೂ ಸುದ್ದಿ ಅಚ್ಚಾಯಿತು.

ಹಿಡಿದದ್ದು ಯಾರು? ಅದೇ ಶು ಶಿಂಗ್. ಅವರು ಚೀನಾದಲ್ಲಿ ಇನ್ನೊಂದು ಕಲ್ಲಿನ ಹಲಗೆ ಪತ್ತೆ ಮಾಡಿದರು. ಅದರಲ್ಲಿದ್ದ ಬಾಲ ಆರ್ಕಿಯೋರಾಪ್ಟರ್‌ನ ಬಾಲಕ್ಕೆ ಕನ್ನಡಿ ಹಿಡಿದ ಹಾಗೆ ಹೊಂದಿತು. ಆದರೆ ಆ ಬಾಲದ ಮುಂದೆ ಇದ್ದದ್ದು ಹಕ್ಕಿಯಲ್ಲ, ಬೇರೊಂದು ಡೈನೋಸಾರ್. 1999ರ ಡಿಸೆಂಬರ್‌ನಲ್ಲಿ ಅವರೇ ಬರೆದು ತಿಳಿಸಿದರು. ಪತ್ರಿಕೆ ಒಪ್ಪಿಕೊಂಡು, ತನಿಖೆ ಮಾಡಿಸಿ, 2000ದಲ್ಲಿ ಅದರ ವರದಿಯನ್ನೂ ಪ್ರಕಟಿಸಿತು. ಪೂರ್ತಿ ಇರುವ ಪಳೆಯುಳಿಕೆಗೆ ಬೆಲೆ ಹೆಚ್ಚು ಅಂತ ಅಂಟಿಸಿದ್ದ ಆ ಕಲ್ಲಿನಲ್ಲಿ ಎರಡು ಅಸಲಿ ಪ್ರಾಣಿಗಳಿದ್ದವು. ಬಾಲ ಮೈಕ್ರೋರಾಪ್ಟರ್‌ನದು. ಮುಂಭಾಗ ಯಾನೋರ್ನಿಸ್ ಅನ್ನೋ ಪ್ರಾಚೀನ ಹಕ್ಕಿಯದು.

ನನಗೆ ಈ ಪ್ರಕರಣದಿಂದ ನಂಬಿಕೆ ಕಮ್ಮಿ ಆಗಲಿಲ್ಲ, ಜಾಸ್ತಿಯೇ ಆಯಿತು. ತಮ್ಮ ವಾದಕ್ಕೆ ಅನುಕೂಲವಾಗುವ ಸಾಕ್ಷಿಯನ್ನು ತಾವೇ ಸುಳ್ಳು ಅಂತ ತೋರಿಸಿಕೊಟ್ಟವರು ಡೈನೋಸಾರ್ ತಜ್ಞರೇ. ಹೊರಗಿನವರಲ್ಲ.

ಹತ್ತನೇ ತರಗತಿಯ ಆ ಪುಟ

ಕೊನೆಯದಾಗಿ ನಮ್ಮ ಮನೆಮಕ್ಕಳ ವಿಷಯ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಆನುವಂಶೀಯತೆ ಮತ್ತು ವಿಕಾಸ ಅನ್ನೋ ಪಾಠ ಇತ್ತು. ಗರಿಗಳು ಮೊದಲು ಚಳಿಯಿಂದ ರಕ್ಷಣೆಗೆ ಬಂದಿರಬಹುದು, ಹಾರಾಟಕ್ಕೆ ಆಮೇಲೆ ಒದಗಿದವು, ಹಾರಲಾಗದ ಡೈನೋಸಾರ್‌ಗಳಿಗೂ ಗರಿ ಇತ್ತು ಅನ್ನೋದು ಚಿತ್ರದ ಸಮೇತ ಅದರಲ್ಲಿತ್ತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಲು ಪಾಠಗಳನ್ನು ಕಡಿತ ಮಾಡಿದಾಗ ವಿಕಾಸದ ಭಾಗ ಹೋಯಿತು. 2023ರಲ್ಲಿ ಬಂದ ಪುಸ್ತಕದಲ್ಲಿ ಉಳಿದದ್ದು ಆನುವಂಶೀಯತೆ ಮಾತ್ರ. ಅದನ್ನು ವಾಪಸ್ ಸೇರಿಸಿ ಅಂತ ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು, ವಿಜ್ಞಾನಾಸಕ್ತರು ಸಹಿ ಹಾಕಿ ಪತ್ರ ಬರೆದರು. ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ ಅನ್ನೋದು ಮಂಡಳಿಯ ಉತ್ತರ.

ಇದೆ, ನಿಜ. ಆದರೆ ಅದು ಬಯಾಲಜಿ ತೆಗೆದುಕೊಂಡವರಿಗೆ. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡು ಇಂಜಿನಿಯರಿಂಗ್ ಕಡೆ ಹೋಗುವವರು, ಕಾಮರ್ಸ್ ಮತ್ತು ಆರ್ಟ್ಸ್ ಹುಡುಗ ಹುಡುಗಿಯರು, ಹತ್ತಕ್ಕೇ ಓದು ಬಿಡುವವರು, ಇವರೆಲ್ಲ ಈ ಪ್ರಶ್ನೆಯನ್ನು ಶಾಲೆಯಲ್ಲಿ ಎದುರಿಸದೆಯೇ ದೊಡ್ಡವರಾಗುತ್ತಾರೆ. ಅರ್ಧ ರೆಕ್ಕೆಯಿಂದ ಏನು ಪ್ರಯೋಜನ ಅಂತ ನಾಳೆ ಯಾರೋ ವಾಟ್ಸಾಪ್‌ನಲ್ಲಿ ಕೇಳಿದಾಗ, ಇದು 1871ರ ಪ್ರಶ್ನೆ, ಉತ್ತರ ಸಿಕ್ಕಿ ಬಹಳ ದಿನ ಆಯಿತು ಅಂತ ಅವರಿಗೆ ಗೊತ್ತಿರುವುದಿಲ್ಲ.

ಪುಸ್ತಕ ಬದಲಿಸೋದು ನಮ್ಮ ಕೈಯಲ್ಲಿಲ್ಲ. ಆದರೆ ಡೈನೋಸಾರ್ ಹುಚ್ಚು ಇಲ್ಲದ ಐದು ವರ್ಷದ ಮಗು ನಿಮ್ಮ ಬಳಗದಲ್ಲಿ ಸಿಗೋದು ಕಷ್ಟ. ಈ ಸಲ ಅಕ್ಕನ ಮಗನಿಗೋ ಅಣ್ಣನ ಮಗಳಿಗೋ ಪ್ಲಾಸ್ಟಿಕ್ ಟಿ ರೆಕ್ಸ್ ಕೊಡಿಸೋ ಮುಂಚೆ, ಕಾಂಪೌಂಡಿನಲ್ಲಿ ಬಿದ್ದಿರೋ ಒಂದು ಗರಿ ಎತ್ತಿ ತೋರಿಸಿ, ದಂಟು ನಡುವಿನಲ್ಲಿ ಯಾಕಿಲ್ಲ ಅಂತ ಕೇಳಿ. ಮುಟ್ಟಿದ ಮೇಲೆ ಇಬ್ಬರೂ ಕೈ ತೊಳೆದುಕೊಳ್ಳಿ.